ಚೀಲದ ಎಳೆಯ ಹಗ್ಗ

ಉಳಿತಾಯವೇ ಸಂಸಾರದ ಅಡಿಪಾಯ, ಸಂಸಾರ ಗಟ್ಟಿಯಿದ್ದರೆ ಊರು ಗಟ್ಟಿ, ಊರು ಗಟ್ಟಿಯಿದ್ದರೆ ದೇಶ ಗಟ್ಟಿ ಎಂದು ನಾನು ಇಪ್ಪತ್ತೊಂಬತ್ತು ವರ್ಷ ಐದು ತಾಲೂಕುಗಳ ಹೆಂಗಸರಿಗೆ ಬೋಧಿಸಿದ್ದೇನೆ. ಅವರೆಲ್ಲ ತಲೆಯಾಡಿಸುತ್ತ ಕೇಳಿದ್ದಾರೆ. ಕೇಳಿದವರ ಮನೆಗಳಲ್ಲಿ ಉಳಿಸುವುದಕ್ಕೆ ಏನೂ ಇರಲಿಲ್ಲ ಎಂಬುದು ನನಗೆ ಎರಡನೆಯ ವಾರವೇ ತಿಳಿಯಿತು. ಅಷ್ಟರಲ್ಲಿ ನೇಮಕಾತಿ ಪತ್ರಕ್ಕೆ ಸಹಿ ಬಿದ್ದಿತ್ತು.

ನನ್ನ ಹುದ್ದೆಯ ಹೆಸರು ಗೃಹಕಲಾ ಶಿಕ್ಷಕಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸುತ್ತಿನ ಹಳ್ಳಿಗಳಲ್ಲಿ ಹದಿನೈದು ದಿನಕ್ಕೊಂದು ಬಿಡಾರ ಹೂಡಿ, ಹೆಂಗಸರಿಗೆ ಕೈಕಸಬನ್ನೂ ಕಡಿಮೆ ಖರ್ಚಿನಲ್ಲಿ ಮನೆ ನಡೆಸುವುದನ್ನೂ ಕಲಿಸುವುದು ಕೆಲಸ. ಒಂದು ತಗಡಿನ ಟ್ರಂಕು, ಅದರೊಳಗೆ ಮಾದರಿ ವಸ್ತುಗಳು, ಒಂದು ಕೈಪಿಡಿ, ಒಂದು ಹಾಜರಿ ಪುಸ್ತಕ. ಇಷ್ಟು ನನ್ನ ಆಯುಧ. ನನ್ನನ್ನು ಇಟ್ಟುಕೊಂಡಿದ್ದ ಸಂಸ್ಥೆಯ ಹೆಸರು ಬರೆಯುವುದಿಲ್ಲ. ಅದು ಮುಚ್ಚಿ ಬಹಳ ದಿನವಾಯಿತು.

ಈಗ ಇಂಥದೇ ಕೆಲಸಕ್ಕೆ ಸೇರುವ ಹುಡುಗಿಯರು ಆಗಾಗ ಕೊಟ್ಟೂರಿನ ನನ್ನ ಮನೆಗೆ ಬಂದು, "ನಿಮ್ಮ ಅನುಭವ ಹೇಳ್ರಿ ಮೇಡಂ" ಎನ್ನುತ್ತಾರೆ. ಅವರ ಬಳಿ ಟ್ರಂಕಿಲ್ಲ, ಮೊಬೈಲಿದೆ. ನಾನು ಹದಿನೈದು ದಿನ ಕಲಿಸುತ್ತಿದ್ದುದನ್ನು ಹದಿನೈದು ನಿಮಿಷದ ವಿಡಿಯೊ ತೋರಿಸಿ ಮುಗಿಸುತ್ತಾರೆ. ಫಲಿತಾಂಶದಲ್ಲಿ ಹೆಚ್ಚು ವ್ಯತ್ಯಾಸ ಕಂಡಿಲ್ಲ. ಅವರಿಗೆಂದು ಇದನ್ನು ಬರೆಯುತ್ತಿದ್ದೇನೆ. ಯಾವಾಗ ಹಿರಿಯ ಶಿಕ್ಷಕಿಯಾದೆ, ಯಾವ ಸಭೆಯಲ್ಲಿ ಶಾಲು ಹೊದಿಸಿದರು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಶಾಲು ಸದ್ಯ ಮಿಕ್ಸಿಯ ಮೇಲಿದೆ.

ಮೊದಲ ಶಿಬಿರ ಕೂಡ್ಲಿಗಿ ತಾಲೂಕಿನಲ್ಲಿ. ಕೈಪಿಡಿಯ ಮೊದಲ ಪಾಠ, ಮನೆಯಲ್ಲಿ ಬಿದ್ದಿರುವ ನಿರುಪಯುಕ್ತ ವಸ್ತುಗಳಿಂದ ಅಲಂಕಾರ ಸಾಮಗ್ರಿ ತಯಾರಿಸುವುದು. ನಾಳೆ ಎಲ್ಲರೂ ಖಾಲಿ ಬಾಟಲಿ, ರಟ್ಟಿನ ಡಬ್ಬಿ, ಹರಿದ ಸೀರೆ ತರಬೇಕು ಎಂದು ಅಪ್ಪಣೆ ಮಾಡಿದೆ. ಮರುದಿನ ಮೂವತ್ತು ಮಂದಿ ಬರಿಗೈಯಲ್ಲಿ ಬಂದು ಕೂತರು.

"ಯಾಕ್ರಮ್ಮಾ, ಏನೂ ತಂದಿಲ್ಲ?"

"ಏನೂ ಬಿದ್ದಿಲ್ರಿ ಅಕ್ಕಾರ" ಎಂದಳು ಮುಂದೆ ಕೂತಿದ್ದ ಮುದುಕಿ. "ಬಿದ್ದಿದ್ರ ನಾವ ಎತ್ತಿಕೋತಿದ್ವಿ."

ಒಂದು ಸೀರೆಯ ಜಾತಕವನ್ನು ಆಕೆಯಿಂದಲೇ ತಿಳಿದುಕೊಂಡೆ. ಹೊಸದಿದ್ದಾಗ ನೆಂಟರ ಊರಿಗೆ ಹೋಗುವುದಕ್ಕೆ. ಬಣ್ಣ ಹೋದ ಮೇಲೆ ಹೊಲಕ್ಕೆ. ಸೆರಗು ಹರಿದ ಮೇಲೆ ಮಗಳ ಲಂಗಕ್ಕೆ. ಲಂಗ ಗಿಡ್ಡವಾದ ಮೇಲೆ ಕೌದಿಯ ತೇಪೆಗೆ. ಕೌದಿ ಸವೆದ ಮೇಲೆ ಕೂಸಿನ ಕೆಳಗೆ ಹಾಸುವುದಕ್ಕೆ. ಅದಾದ ಮೇಲೆ ಒಲೆಯ ಮೇಲಿನ ಪಾತ್ರೆ ಇಳಿಸುವ ಮಸಿಬಟ್ಟೆ. ನೂಲಿನದಾದರೆ ಕೊನೆಗೊಂದು ಚೂರು ದೀಪದ ಬತ್ತಿಗೆ. ಇದರ ನಡುವೆ ಎಲ್ಲಾದರೂ ಒಂದು ಕಾಲೊರೆಸುವ ಹಾಸನ್ನು ತೂರಿಸಲು ಸಂಸ್ಥೆ ನನ್ನನ್ನು ಸಂಬಳ ಕೊಟ್ಟು ಕಳಿಸಿತ್ತು.

ಪಾಠ ನಿಲ್ಲಬಾರದೆಂದು ಕೊಟ್ಟೂರಿನ ಗುಜರಿ ಅಂಗಡಿಯಲ್ಲಿ ಎರಡು ಚೀಲ ಕಸ ಕೊಂಡು ಬಸ್ಸಿಗೆ ಹಾಕಿದೆ. ಕಂಡಕ್ಟರು ಲಗೇಜು ಟಿಕೆಟ್ ಹರಿಯುತ್ತ, "ಏನೈತ್ರಿ ಇದರಾಗ?" ಎಂದ.

"ನಿರುಪಯುಕ್ತ ವಸ್ತು."

"ಹಂಗಾರ ಯಾಕ ಒಯ್ಯಾಕತ್ತೀರಿ?"

ನಮ್ಮ ಕಾರ್ಯಕ್ರಮದ ಬಗ್ಗೆ ಅಷ್ಟು ನೇರವಾದ ಪ್ರಶ್ನೆಯನ್ನು ಆಮೇಲೆ ಯಾವ ತಪಾಸಣೆಯಲ್ಲೂ ಯಾರೂ ಕೇಳಲಿಲ್ಲ.

ಹಡಗಲಿ ತಾಲೂಕಿನ ಹೊಳಲು ಊರಿನ ಕಡೆ ಕ್ರೋಶಾ ಕಡ್ಡಿಯಿಂದ ಮೇಜುಹೊದಿಕೆ ಹೆಣೆಯುವುದನ್ನು ಕಲಿಸಿದೆ. ಆ ಓಣಿಯಲ್ಲಿ ಯಾರ ಮನೆಯಲ್ಲೂ ಮೇಜಿರಲಿಲ್ಲ. ಮೂರು ತಿಂಗಳು ಬಿಟ್ಟು ಹೋದಾಗ ಒಬ್ಬಾಕೆ ಅದರಲ್ಲಿ ರೊಟ್ಟಿ ಸುತ್ತಿಟ್ಟಿದ್ದಳು. "ತೂತು ಇದ್ದದ್ದ ಚಲೋ ಆತ್ರಿ ಅಕ್ಕಾರ, ರೊಟ್ಟಿ ಬೆವರಂಗಿಲ್ಲ" ಎಂದಳು. ವರದಿಯಲ್ಲಿ 'ಬಹೂಪಯೋಗಿ' ಎಂದು ಬರೆದೆ. ವರದಿ ಬರೆಯುವುದನ್ನು ಬೇಗ ಕಲಿತಿದ್ದೆ.

ಆ ವರದಿಗಳು ಹೋಗುತ್ತಿದ್ದುದು ನಮ್ಮ ಸಂಯೋಜಕರಿಗೆ. ವರ್ಷಕ್ಕೆ ಎರಡು ಸಲ ಜೀಪಿನಲ್ಲಿ ಬಂದು, ಇಳಿಯುವ ಮುಂಚೆಯೇ "ಫೋಟೊ ಆತೇನ್ರಿ?" ಎಂದು ಕೇಳುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ಒಮ್ಮೆ ಶಿಬಿರದಲ್ಲಿ ಜ್ವರ ಬಂದು ನಾನು ಮಲಗಿದಾಗ ಅದೇ ಜೀಪಿನಲ್ಲಿ ಹರಪನಹಳ್ಳಿಗೆ ಕರೆದೊಯ್ದು ಆಸ್ಪತ್ರೆಗೆ ಸೇರಿಸಿದರು. ಇದನ್ನು ಈಗಲೇ ಹೇಳಿಬಿಡುತ್ತೇನೆ. ಮುಂದೆ ಅವರ ಬಗ್ಗೆ ಒಳ್ಳೆಯ ಮಾತು ಆಡಲು ಜಾಗ ಸಿಗಲಿಕ್ಕಿಲ್ಲ.

ಹೀಗೆ ಹದಿನಾರು ಹದಿನೇಳು ವರ್ಷ ಕಳೆದ ಮೇಲೆ, ಕೈಪಿಡಿಗೆ ನಾನೇ ಒಂದು ಪಾಠ ಬರೆದು ಸೇರಿಸಿದೆ. ಅಷ್ಟು ಕಾಲ ಹುಡುಕಿದ ನಿರುಪಯುಕ್ತ ವಸ್ತು ಕೊನೆಗೂ ಸಿಕ್ಕಿತ್ತು. ಅದು ರಸಗೊಬ್ಬರದ ಖಾಲಿ ಪ್ಲಾಸ್ಟಿಕ್ ಚೀಲ. ಪ್ರತಿ ಹೊಲದ ಬದುವಿನಲ್ಲೂ ಬಿದ್ದಿರುತ್ತಿತ್ತು. ಅದರ ಎಳೆ ಬಿಚ್ಚಿ, ಮೂರೆಳೆ ಸೇರಿಸಿ ಹೊಸೆದರೆ ಬೆಳ್ಳಗೆ ಹೊಳೆಯುವ ಹಗ್ಗ. ಖರ್ಚು ಸೊನ್ನೆ. ನನಗೆ ಬಹಳ ಹೆಮ್ಮೆಯಿತ್ತು.

ಆ ಪಾಠ ಹೊತ್ತು ಹಡಗಲಿ ತಾಲೂಕಿಗೆ, ಇಟ್ಟಿಗಿಯಿಂದ ಒಳಗಿರುವ ಒಂದು ಊರಿಗೆ ಹೋದೆ. ಊರಿನ ಹೆಸರು ಬೇಡ. ಕುರಿ ಸಾಕುವವರ ಓಣಿ. ಅಲ್ಲಿ ಬೀರಪ್ಪಜ್ಜ ಎಂಬ ಮುದುಕ ಇದ್ದ. ಆಡಿನ ಕೂದಲು ಕತ್ತರಿಸಿ, ಬಡಿದು ಬಿಡಿಸಿ, ನೂತು, ಹಗ್ಗ ಹೊಸೆಯುತ್ತಿದ್ದ. ಕಪ್ಪಗೆ, ಮುಟ್ಟಿದರೆ ಚುಚ್ಚುವಂಥ ಹಗ್ಗ. ಅವರಲ್ಲಿ ಒಂದು ಪದ್ಧತಿ. ಮನೆಗೆ ಮೊದಲ ಕೂಸು ಬರುವ ಮುಂಚೆ ಹಿರಿಯನಾದವನು ತೊಟ್ಟಿಲಿಗೆಂದು ಒಂದು ಕೂದಲ ಹಗ್ಗ ಹೊಸೆದಿಡಬೇಕು. ತೊಟ್ಟಿಲೆಂದರೆ ಮಡಿಕೆ ಹಾಕಿದ ಸೀರೆ. ಮನೆಯಲ್ಲಿದ್ದಾಗ ಜಂತಿಗೆ, ಹೊಲಕ್ಕೆ ಹೋದಾಗ ಬೇವಿನ ಕೊಂಬೆಗೆ ಕಟ್ಟುತ್ತಾರೆ. ಮನೆಯ ಕೊನೆಯ ಕೂಸು ನಡೆಯುವವರೆಗೂ ಅದೇ ಹಗ್ಗ. ಅದರ ಮೇಲೆ ಇರುವೆ ಹತ್ತುವುದಿಲ್ಲ ಎನ್ನುತ್ತಿದ್ದರು. ನಾನು ಪರೀಕ್ಷಿಸಿಲ್ಲ.

ಒಂದು ಕೂದಲ ಹಗ್ಗವನ್ನು ವಸ್ತುಪ್ರದರ್ಶನಕ್ಕೆ ಕಳಿಸಿದೆ. ಪೇಟೆಯ ಹೆಣ್ಣುಮಗಳೊಬ್ಬಳು ಹೂಕುಂಡ ತೂಗುಹಾಕಲು ಅದನ್ನು ಒಳ್ಳೆಯ ಬೆಲೆಗೆ ಕೊಂಡಳಂತೆ. ಎಷ್ಟು ಸಿಗುತ್ತವೋ ಅಷ್ಟು ಕಳಿಸಿ ಎಂದು ಸಂಯೋಜಕರಿಂದ ಪತ್ರ ಬಂತು. ಹೊಸದು ಹೊಸೆಯಲು ತಿಂಗಳುಗಟ್ಟಲೆ ಬೇಕು. ನನ್ನ ತಲೆ ಆಗ ಚುರುಕಾಗಿ ಓಡಿತು. ಮನೆಯಲ್ಲಿರುವ ಕೂದಲ ಹಗ್ಗ ಮಾರುವುದು, ತೊಟ್ಟಿಲಿಗೆ ಚೀಲದ ಹಗ್ಗ ಕಟ್ಟುವುದು. ಗೃಹಕಲೆಯೂ ಆಯಿತು, ಉಳಿತಾಯವೂ ಆಯಿತು.

ಅಜ್ಜ ಚೀಲದ ಹಗ್ಗವನ್ನು ಬೆರಳಲ್ಲಿ ತಿಕ್ಕಿ ನೋಡಿದ.

"ಇದು ಸತ್ತ ಎಳಿ ಐತ್ರಿ ಅಕ್ಕಾರ. ಕೂದಲಾದ್ರ ಆಡಿನ ಮೈಮ್ಯಾಲ ಬೆಳ್ದಿರ್ತೈತಿ, ಬಿಸಲು ಮಳಿ ಎಲ್ಲಾ ಕಂಡಿರ್ತೈತಿ. ಇದೇನು ಕಂಡೈತ್ರಿ?"

ನನ್ನ ಹದಿನೇಳು ವರ್ಷದ ಸೇವೆಯನ್ನೇ ಕೇಳಿದಂತಾಯಿತು. ಮಾತಿಗೆ ಮಾತು ಬೇಡ, ಪ್ರಯೋಗವೇ ಆಗಲಿ ಎಂದೆ. ಚೀಲದ ಹಗ್ಗವನ್ನು ಬೇವಿನ ಕೊಂಬೆಗೆ ಕಟ್ಟಿ ಒಂದು ಜೋಳದ ಚೀಲ ತೂಗುಬಿಟ್ಟೆವು. ತಡೆಯಿತು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಾನೇ ಏರಿ ಕೂತೆ. ಜೋಳದ ಚೀಲಕ್ಕಿಂತ ನಾನು ಹಗುರವೇನಲ್ಲ. ಮೂವತ್ತು ಮಂದಿ ಹೆಂಗಸರು ಸೇರಿ ನನ್ನನ್ನು ತೂಗಿದರು. ಹಗ್ಗ ಕಿರ್ ಅನ್ನಲಿಲ್ಲ.

ಅಜ್ಜನ ಹೆಂಡತಿ ನಿಂಗವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. "ಅಕ್ಕಾರನ್ನ ತಡದೈತಿ ಅಂದ್ರ ಎಮ್ಮಿ ಕಟ್ಟಬಹುದು ಬಿಡ್ರಿ."

ಅವಳ ಸೊಸೆ ಮೈಲವ್ವನ ಕಂಕುಳಲ್ಲಿ ನಾಲ್ಕು ತಿಂಗಳ ಹೆಣ್ಣು ಕೂಸಿತ್ತು. ಆ ಮನೆಯ ಮೊದಲ ಕೂಸು. "ಮಾವ ಹೊಸೆದದ್ದು ಐತ್ರಿ ನಮ್ಮದು, ಇರ್ಲಿ ಬಿಡ್ರಿ" ಎಂದು ಮೆಲ್ಲಗೆ ಅಂದಳು.

"ಕೊಡಲೇ, ಕೊಡು" ಎಂದಳು ನಿಂಗವ್ವ. "ಮುದುಕ ಇನ್ನೊಂದು ಹೊಸೀತಾನ. ಅವನಿಗೇನು ಬ್ಯಾರೆ ಕೆಲಸ ಐತಿ?"

ಆ ಓಣಿಯಿಂದ ಹನ್ನೊಂದು ಕೂದಲ ಹಗ್ಗ ಹೋದವು. ಬಂದ ದುಡ್ಡಿನಲ್ಲಿ ನಿಂಗವ್ವ ಒಂದು ಕುಕ್ಕರ್ ತಂದಳು. ಸಂಯೋಜಕರು ಬಂದು ಕುಕ್ಕರಿನ ಜೊತೆ ಅವಳ ಫೋಟೊ ತೆಗೆಸಿದರು. ಇದೆಲ್ಲ ದೀಪಾವಳಿ ಆದ ಮೇಲಿನ ಮಾತು.

ಬೇಸಗೆ ಮುಗಿಯುತ್ತಿದ್ದಾಗ ಅದೇ ಊರಿಗೆ ಮರುಭೇಟಿಗೆ ಹೋದೆ. ಕಲಿಸಿದ್ದು ಉಳಿದಿದೆಯೋ ಇಲ್ಲವೋ ಎಂದು ನೋಡಿ ಬರೆದುಕೊಳ್ಳುವುದಕ್ಕೆ ಮರುಭೇಟಿ ಎನ್ನುತ್ತಿದ್ದೆವು. ಓಣಿಯಲ್ಲಿ ಯಾರೂ ಮಾತಾಡಿಸಲಿಲ್ಲ. ನಿಂಗವ್ವ ಬಾಗಿಲಲ್ಲೇ ಕೂತಿದ್ದಳು.

"ಕೂಸು ಹೋತ್ರಿ ಅಕ್ಕಾರ."

"ಹೆಂಗ?"

"ಶೇಂಗಾ ಕೀಳಾಕ ಹೋಗಿದ್ವಿ. ತೊಟ್ಟಿಲದ ಗಂಟು ಬಿಚ್ಚಿ ಬಿತ್ತು. ಬುಡಕ ಕಲ್ಲಿತ್ತು." ಸೊಸೆಯ ಮಾತಿಗೆ ಬಂದಳು. "ಒಂದು ಗಂಟು ಹಾಕಾಕ ಬರಲಾರದಾಕೀನ ತಂದ್ಕೊಂಡು ಕೆಟ್ವಿ ನೋಡ್ರಿ. ತವರಿಗೆ ಅಟ್ಟೇವಿ. ಮಾಳಪ್ಪನೂ ಆಕಿ ಮಾರಿ ನೋಡಂಗಿಲ್ಲ ಅಂದಾನ."

ಮಾಳಪ್ಪ ಅವಳ ಮಗ, ಮೈಲವ್ವನ ಗಂಡ. ಮೈಲವ್ವನ ತವರು ಹರಪನಹಳ್ಳಿ ತಾಲೂಕಿನಲ್ಲಿ, ತೆಲಿಗಿಯ ಆಚೆ.

ನಾನು ಎದ್ದು ಹೊರಟಾಗ ಬೀರಪ್ಪಜ್ಜ ಕುರಿಹಟ್ಟಿಯ ಹಿಂದಕ್ಕೆ ಕರೆದ. ಗೂಟಕ್ಕೆ ತೊಟ್ಟಿಲಿನ ಹಗ್ಗದ ಎರಡು ತುಂಡು ತೂಗುಹಾಕಿದ್ದ. ಕೊಂಬೆಗೆ ಕಟ್ಟಿದ್ದ ಗಂಟು ಹಾಗೇ ಇತ್ತು. ಸೀರೆಗೆ ಕಟ್ಟಿದ್ದ ಗಂಟೂ ಹಾಗೇ ಇತ್ತು. ಹರಿದಿದ್ದು ನಡುವೆ. ಹರಿದ ತುದಿಯನ್ನು ಹಿಸುಕಿದೆ. ಕೈಯಲ್ಲಿ ಬಿಳಿ ಹೊಟ್ಟು ಉಳಿಯಿತು. ಬೇಸಗೆಯ ಮೊದಲಿಗೆ ಬೇವು ಎಲೆ ಉದುರಿಸಿ ನಿಂತಾಗ, ಕೊಂಬೆಗೇ ಬಿಟ್ಟಿದ್ದ ಆ ಹಗ್ಗ ದಿನವಿಡೀ ಬಿಸಿಲಲ್ಲಿ ಇದ್ದಿರಬೇಕು. ಹೊಸ ಹಗ್ಗ ನನ್ನನ್ನು ತಡೆದಿತ್ತು. ಆರು ತಿಂಗಳ ಬಿಸಿಲು ತಿಂದ ಹಗ್ಗ ಒಂದು ಕೂಸನ್ನು ತಡೆಯಲಿಲ್ಲ.

"ಗಂಟು ಬಿಚ್ಚಿಲ್ಲ ನೋಡ್ರಿ" ಎಂದ ಅಜ್ಜ. "ನಾ ಅಂದ್ರ ಸೊಸಿ ಪರ ಮಾತಾಡ್ತಾನ ಅಂತಾರ. ನೀವು ಕಲಿಸಿದಾಕಿ, ನೀವಂದ್ರ ಕೇಳ್ತಾರ. ಹುಡುಗಿ ಬಾಳೆ ಹಾಳಾಗಾಕತ್ತೈತಿ. ಒಂದು ಮಾತು ಅಂದು ಹೋಗ್ರಿ."

"ಸ್ವಲ್ಪ ತಡೀರಿ ಅಜ್ಜಾರ. ಖಾತ್ರಿ ಮಾಡ್ಕೊಂಡು ಬರ್ತೀನಿ."

"ಇದಕ್ಕಿಂತ ಖಾತ್ರಿ ಏನೈತ್ರಿ?"

ಬಸ್ಸಿನ ಹೊತ್ತಾಗಿದೆ ಎಂದೆ. ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು.

ಜೊತೆಗೆ ತಂದಿದ್ದ ಒಂದು ತುಂಡನ್ನು ಸಂಯೋಜಕರ ಮುಂದೆ ಇಟ್ಟೆ. ಅವರು ಅದನ್ನು ಮುಟ್ಟಲಿಲ್ಲ.

"ಅವರು ಏನಂತಾರ?"

"ಗಂಟು ಬಿಚ್ಚಿತು ಅಂತಾರ್ರಿ ಸರ್."

"ಗಂಟು ಅಂತ ಅವರ ಅಂದಾರ. ನೀವ್ಯಾಕ ಹಗ್ಗ ಅಂತೀರಿ? ಪಾಠ ನಮ್ಮದು, ಕೈಪಿಡಿ ನಮ್ಮದು, ಹಾಜರಿ ಪುಸ್ತಕದಾಗ ಆಕಿ ಸಹಿ ಐತಿ. ನೀವು ಹೇಳಿದ್ರ ಕೂಸು ಎದ್ದು ಬರ್ತೈತೇನು?"

"ಸೊಸಿ ಮನಿಗೆ ಬರ್ತಾಳ್ರಿ."

"ಬಿಸಿಲಿಗೆ ಹರೀತು ಅನ್ನಾಕ ಪುರಾವೆ ಏನೈತಿ ನಿಮ್ಮ ಹತ್ರ? ಮೊದಲು ಪುರಾವೆ ತರ್ರಿ."

ಅವರು ನನ್ನನ್ನು ಸಾಗಹಾಕಲು ಆಡಿದ ಮಾತು ಅದು. ನನಗೆ ಮಾತ್ರ ಅದು ವರದಂತೆ ಕೇಳಿಸಿತು. ಪುರಾವೆ ತರುವವರೆಗೆ ಮಾತಾಡಬೇಕಾಗಿಲ್ಲ. ಕೊಟ್ಟೂರಿನ ನನ್ನ ಬಾಡಿಗೆ ಮನೆಯ ಮಾಳಿಗೆಯ ಮೇಲೆ ಎರಡು ಕಂಬ ನೆಟ್ಟು, ಅಡ್ಡ ತೊಲೆ ಇಟ್ಟು, ಹೊಸ ಚೀಲದ ಹಗ್ಗ ಕಟ್ಟಿ, ಒಂದು ಕೊಡ ನೀರು ತೂಗುಬಿಟ್ಟೆ. ಪ್ರತಿ ಭಾನುವಾರ ಹತ್ತಿ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಬದಲಾವಣೆ ಇಲ್ಲ. ಬದಲಾವಣೆ ಇಲ್ಲ. ಹೊಳಪು ಸ್ವಲ್ಪ ಕಡಿಮೆ. ಹೊರಮೈಯಲ್ಲಿ ಜುಂಗು. ಆ ವರ್ಷ ಮೋಡ ಹೆಚ್ಚು. ಹಗ್ಗ ತಡಮಾಡಿತು. ಮನೆಯ ಮಾಲೀಕರು ಇದೇನು ಎಂದು ಕೇಳಿದಾಗ ವೈಜ್ಞಾನಿಕ ಪ್ರಯೋಗ ಎಂದೆ. ಅವರು ಗೌರವದಿಂದ ಕೆಳಗಿಳಿದು ಹೋದರು.

ಅಷ್ಟು ದಿನ ನಾನು ಚೆನ್ನಾಗಿ ಉಂಡೆ, ಚೆನ್ನಾಗಿ ನಿದ್ದೆ ಮಾಡಿದೆ. ಹೊಸಬರು ಇದನ್ನು ಗಮನಿಸಬೇಕು. ತಪ್ಪು ಮಾಡಿದವರಿಗೆ ಒಂದು ನೋಟ್‌ಬುಕ್ ಕೊಟ್ಟುಬಿಟ್ಟರೆ ಎಷ್ಟು ತಿಂಗಳು ಬೇಕಾದರೂ ಸುಖವಾಗಿರುತ್ತಾರೆ.

ಐದನೆಯ ತಿಂಗಳು ಒಂದು ಮಧ್ಯಾಹ್ನ ಹಗ್ಗ ಹರಿಯಿತು. ಕೊಡ ನಗ್ಗಿತು. ದಿನಾಂಕ ಬರೆದು, ಮರುದಿನ ಬೆಳಗಿನ ಬಸ್ಸಿಗೆ ಹೊರಟೆ. ಕೈಯಲ್ಲಿ ಪುರಾವೆ ಇತ್ತು.

ನಿಂಗವ್ವನ ಮನೆಯ ಬಾಗಿಲಿಗೆ ಮಾವಿನ ತೋರಣ ಒಣಗಿ ನೇತಾಡುತ್ತಿತ್ತು. ಅಂಗಳದಲ್ಲಿ ಚಪ್ಪರದ ಗೂಟ ಇನ್ನೂ ಕಿತ್ತಿರಲಿಲ್ಲ. ಹಿರಿಯರು ಕೂತು ಮೈಲವ್ವನ ಕಡೆಯವರಿಂದ ಬಿಡುಗಡೆ ಮಾಡಿಸಿದ್ದರು. ಮಾಳಪ್ಪನಿಗೆ ಮತ್ತೆ ಮದುವೆಯಾಗಿ ಎಂಟು ದಿನವಾಗಿತ್ತು.

ಬಂದದ್ದಕ್ಕೆ ಹೇಳಲೇಬೇಕಿತ್ತು. ನಿಂಗವ್ವ, ಮಾಳಪ್ಪ, ಕಟ್ಟೆಯ ಮೇಲೆ ಕೂತಿದ್ದ ಬೀರಪ್ಪಜ್ಜ, ಮೂವರ ಮುಂದೆಯೂ ಹೇಳಿದೆ. ಗಂಟು ಬಿಚ್ಚಿಲ್ಲ, ಹಗ್ಗ ಹರಿದದ್ದು, ಹಗ್ಗ ಕಲಿಸಿದವಳು ನಾನು, ತಪ್ಪು ನನ್ನದು. ನೋಟ್‌ಬುಕ್ ತೆಗೆದೆ. ಯಾರೂ ಅದನ್ನು ನೋಡಲಿಲ್ಲ.

"ಯಾವಾಗ ಗೊತ್ತಾತ್ರಿ ನಿಮಗ?" ಎಂದು ಕೇಳಿದ ಮಾಳಪ್ಪ.

ನಾನು ಅಜ್ಜನ ಕಡೆ ನೋಡಿದೆ. ಅಜ್ಜ ನೆಲ ನೋಡುತ್ತಿದ್ದ.

"ಆವತ್ತ ಗೊತ್ತಿತ್ತು."

ಮಾಳಪ್ಪ ಎದ್ದು ಹೋದ. ನಿಂಗವ್ವ ನನ್ನ ಕಡೆ ತಿರುಗಿದಳು. "ಆವತ್ತ ಅಂದಿದ್ರ ನಾನ ಹೋಗಿ ಕರ್ಕೊಂಡು ಬರ್ತಿದ್ದೆ. ಈಗ ಈಕೀನ ಎಲ್ಲಿಗೆ ಕಳಿಸ್ಲಿ ಹೇಳ್ರಿ?"

ಆ ಹೊಸ ಸೊಸೆ ಅಷ್ಟರಲ್ಲಿ ಚಹಾ ತಂದಿಟ್ಟಳು. ಹದಿನೆಂಟೋ ಹತ್ತೊಂಬತ್ತೋ ಇರಬೇಕು. ಕೈಯ ಮದರಂಗಿ ಮಾಸಿರಲಿಲ್ಲ. ಕುಡಿದೆ. ಬೇಡವೆನ್ನುವ ಮುಖ ನನಗಿರಲಿಲ್ಲ.

ಅಲ್ಲಿಂದ ಹಡಗಲಿ, ಹಡಗಲಿಯಿಂದ ಹರಪನಹಳ್ಳಿ, ಅಲ್ಲಿಂದ ತೆಲಿಗಿ ಬಸ್ಸು. ಮೈಲವ್ವನ ತವರು ಮುಟ್ಟುವಾಗ ಸಂಜೆಯಾಗಿತ್ತು. ಅವಳ ತಾಯಿ ಬುತ್ತಿಯ ಬಟ್ಟೆ ಕೊಡವುತ್ತಿದ್ದಳು. ನಾನು ಯಾರೆಂದು ಹೇಳಿದ ಮೇಲೆ ದನಿ ತಗ್ಗಿಸಿದಳು.

"ಆಕಿ ಒಂದು ಗಂಟು ಹಾಕಂಗಿಲ್ರಿ ಈಗ. ಬಾವಿ ಹಗ್ಗ ಮುಟ್ಟಂಗಿಲ್ಲ. ಬುತ್ತಿ ನಾ ಕಟ್ಟಿ ಕೊಡಬೇಕು. ಹೊರಿ ಕಟ್ಟಂದ್ರ ಸುಮ್ನ ನಿಂತುಬಿಡ್ತಾಳ."

ಮೈಲವ್ವ ಒಳಗಿನಿಂದ ಬಂದು ಗೋಡೆಗೆ ಒರಗಿ ನಿಂತಳು. ನಾನು ಹೇಳಿದೆ. ಎರಡನೆಯ ಸಲಕ್ಕೆ ಮಾತು ಸಲೀಸಾಗಿ ಬಂದಿತು. ಅದಕ್ಕೂ ನಾಚಿಕೆಯಾಯಿತು.

"ಗಂಟು ಬಿಚ್ಚಿದ್ದಿಲ್ಲೇನ್ರಿ?"

"ಇಲ್ಲವ್ವ."

"ಎರಡೂ?"

"ಎರಡೂ ಹಂಗ ಇದ್ವು."

"ಮಾವ ನೋಡ್ಯಾರೇನ್ರಿ?"

"ಅವರ ನನಗ ತೋರಿಸಿದ್ದು."

"ಯಾವಾಗ?"

ಹೇಳಿದೆ. ಅವಳು ಬೆರಳ ಗೆಣ್ಣು ಮುಟ್ಟುತ್ತ ತಿಂಗಳು ಎಣಿಸಿದಳು. ಐದಕ್ಕೆ ನಿಂತಿತು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. "ದೂರದಿಂದ ಬಂದೀರಿ, ಉಂಡು ಹೋಗ್ರಿ" ಎಂದು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ. ಊಟ ಬಡಿಸಿದ್ದು ಅವಳ ತಾಯಿ.

ಹೊಸಬರಿಗೆ ನಾನು ಹೇಳುವುದು ಎರಡೇ. ಯಾವ ವಸ್ತುವನ್ನೂ ಹೊಸದಿದ್ದಾಗ ಪರೀಕ್ಷೆ ಮಾಡಬೇಡಿ, ಅವರ ಮನೆಯಲ್ಲಿ ಅದು ಒಂದು ಬೇಸಗೆ ಕಳೆಯಲಿ. ತಪ್ಪು ನಿಮ್ಮದೆಂದು ಕಣ್ಣಿಗೆ ಕಂಡ ದಿನವೇ, ಆ ಊರಿನ ಬಸ್ಸು ಹತ್ತುವ ಮುಂಚೆ, ಹೇಳಿಬಿಡಿ. ಎರಡೂ ನನ್ನ ಕೈಪಿಡಿಯಲ್ಲಿ ಇರಲಿಲ್ಲ.

ಹಗ್ಗದ ಪಾಠ ತೆಗೆಯಬೇಕೆಂದು ಬರವಣಿಗೆಯಲ್ಲಿ ಕೊಟ್ಟೆ. ಮುಂದಿನ ಮುದ್ರಣದಲ್ಲಿ ಪಾಠ ಉಳಿಯಿತು, 'ತೊಟ್ಟಿಲು' ಎಂಬ ಒಂದು ಪದ ಹೋಗಿ ಆ ಜಾಗಕ್ಕೆ 'ಇತರೆ ಉಪಯೋಗ' ಬಂತು. ಹನ್ನೊಂದು ಮನೆಗಳಲ್ಲಿ ಉಳಿದ ಹತ್ತಕ್ಕೆ ನಾನೇ ಹೋಗಿ ಚೀಲದ ಹಗ್ಗ ಬಿಚ್ಚಿಸಿದೆ. ಬೀರಪ್ಪಜ್ಜ ಎರಡು ವರ್ಷ ಬಿಟ್ಟು ತೀರಿಕೊಂಡ.

ಮಾಳಪ್ಪನಿಗೆ ಈಗ ಮೂರು ಮಕ್ಕಳು. ಮೈಲವ್ವ ಮತ್ತೆ ಮದುವೆಯಾಗಲಿಲ್ಲ. ತವರಿನಲ್ಲಿದ್ದಾಳೆ, ಕೂಲಿಗೆ ಹೋಗುತ್ತಾಳೆ.